ಎಡಗಡೆಯ ಸ್ಪೀಕರ್

ಮಾರ್ಚ್ ೯, ಭಾನುವಾರ

ಅಪ್ಪ ಹೋದ ಮೇಲೆ ನನಗೆ ಬಂದ ಕಾರಿನಲ್ಲಿ ಎಡಗಡೆಯ ಸ್ಪೀಕರ್ ಮಾತಾಡಿ ಎಷ್ಟು ವರ್ಷವಾಯಿತೋ! ಹಾಳಾದ್ದು, ಇವತ್ತಿನ ರಜೆಯನ್ನೆಲ್ಲ ನುಂಗಿತು.

ಬಾಗಿಲಿನ ಒಳಹೊದಿಕೆ ಬಿಚ್ಚಿ ಸ್ಪೀಕರಿಗೆ ಟಾರ್ಚಿನ ಸೆಲ್ ಮುಟ್ಟಿಸಿದೆ. ಟಪ್ಪೆಂದಿತು, ಚೆನ್ನಾಗಿಯೇ ಇದೆ. ಬಾಗಿಲು ತೆಗೆದು ಮುಚ್ಚಿ ಮಾಡಿದ್ದರಿಂದ ಸಂದಿಯಲ್ಲಿ ವೈರ್ ತುಂಡಾಗಿರಬೇಕೆಂದು ತಡಕಿದೆ. ಅದೂ ಸರಿಯಿತ್ತು. ಕೊನೆಗೆ ಸ್ಟೀರಿಯೊವನ್ನೇ ಹೊರಗೆಳೆದರೆ, ಅದರ ಹಿಂದೆ ಯಾರೋ ವೈರನ್ನು ಬೇಕೆಂದೇ ಕತ್ತರಿಸಿ ಕಪ್ಪು ಟೇಪು ಸುತ್ತಿದ್ದರು. ಮುಂದೆ ಬಿಚ್ಚುವವರಿಗೆ ಹಿಡಿಯಲು ಸಿಗಲೆಂದು ಟೇಪಿನ ತುದಿಯನ್ನು ಮಡಚಿ ಬಿಡುವುದು ಅಪ್ಪನದೇ ಅಭ್ಯಾಸ. ಆ ಮಡಿಕೆ ಹಿಡಿದುಕೊಂಡು ಎಷ್ಟೋ ಹೊತ್ತು ಕೂತುಬಿಟ್ಟೆ.

ನಾವು ಚಿಕ್ಕವರಿದ್ದಾಗ, ಕಾರು ಹೊರಟ ಹತ್ತೇ ನಿಮಿಷಕ್ಕೆ ಅಮ್ಮ ಎಡಬಾಗಿಲಿಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಹಿಂದೆ ಕೂತ ನಮಗೆ ಅಪ್ಪ, "ಶ್, ಅಮ್ಮ ಮಲಗಿದಾಳೆ" ಅನ್ನುತ್ತಿದ್ದರು.

ಒಳಗೆ ಹೋಗಿ ಅಮ್ಮನಿಗೆ ಹೇಳಿದೆ, "ನಿನ್ನ ನಿದ್ದೆ ಕೆಡಬಾರ್ದು ಅಂತ ಅಪ್ಪನೇ ನಿನ್ನ ಕಡೆ ಸ್ಪೀಕರ್ ವೈರ್ ಕತ್ತರಿಸಿದಾರೆ."

"ನಿದ್ದೆ ಎಲ್ಲಿಂದ ಬರಬೇಕು? ಕಣ್ಣು ಮುಚ್ಕೊಂಡು ಹಾಡು ಕೇಳ್ತಿದ್ದೆ ಕಣೇ! ಈ ಕಡೆದು ಕೆಟ್ಟೋಯ್ತು ಅಂದ್ಕೊಂಡೆ. ಅಷ್ಟು ಆಸೆಯಿಂದ ಅವರೇ ಕೂರಿಸಿದ್ದು, ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಬಾಯಿ ಬಿಡಲಿಲ್ಲ."

ಇಬ್ಬರೂ ಸರಿಯಾದ ಜೋಡಿ!

ಸಂಜೆ ವೈರ್ ಸೇರಿಸಿ, ಅಮ್ಮನನ್ನು ಅವಳ ಸೀಟಿನಲ್ಲೇ ಕೂರಿಸಿ, ಒಂದು ಸುತ್ತು ಕರೆದುಕೊಂಡು ಹೋದೆ. ಎರಡೂ ಕಡೆಯಿಂದ ಹಾಡು ಬರುತ್ತಿತ್ತು. ತಿರುವು ದಾಟುವಷ್ಟರಲ್ಲಿ ಅವಳು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು.

ನನ್ನ ಕೈ ತಾನಾಗಿಯೇ ಹೋಗಿ ವಾಲ್ಯೂಮ್ ತಗ್ಗಿಸಿತು.