ಇನ್ಸುಲಿನ್ ಬಿಡಬಹುದೇ ಎಂದು ಅವಳು ಕೇಳಿದಾಗ ನೀವು ಸುಮ್ಮನಿದ್ದಿರಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಂಗಿ ಸುಶ್ಮಿತಾಳ ಹೊಟ್ಟೆಯಲ್ಲಿದ್ದ ಏಳು ತಿಂಗಳ ಮಗು ಉಳಿಯಲಿಲ್ಲ. ಇದಕ್ಕೆ ಒಂದು ಕಾರಣ, ಇನ್ಸುಲಿನ್ ಬಿಡಿಸಿ ಕಷಾಯದ ಪುಡಿ ಕೊಟ್ಟ ಆ ವೈದ್ಯ ಮಹಾಶಯ. ಇನ್ನೊಂದು ಕಾರಣ ನೀವು. ವೈದ್ಯನ ಮೇಲೆ ಪೊಲೀಸರಿಗೆ ದೂರು ಕೊಟ್ಟಾಗಿದೆ. ನಿಮ್ಮ ಮೇಲೆ ಯಾವ ಠಾಣೆಗೆ ಹೋಗಿ ಏನೆಂದು ದೂರು ಕೊಡಬೇಕು ಎಂಬುದು ತಿಳಿಯದೆ, ನಾಲ್ಕು ಜನ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಗಿಡಮೂಲಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನಾವು ತೆಂಗಿನಗುಂಡಿಯ ಮೀನುಗಾರರ ಮನೆಯವರು. ಕೆಮ್ಮು ಬಂದರೆ ಆಡುಸೋಗೆ ಎಲೆಯ ರಸ, ಮೈ ಉಷ್ಣವಾದರೆ ಮುರುಗಲು ಪಾನಕ. ಮೀನು ಮಾರಿ ಬಂದ ಅಮ್ಮ ಲಕ್ಕಿ ಸೊಪ್ಪು ಕುದಿಸಿದ ನೀರನ್ನು ಮೊಣಕಾಲಿಗೆ ಹೊಯ್ದುಕೊಂಡು, ಆಮೇಲೆ ರಕ್ತದೊತ್ತಡದ ಮಾತ್ರೆ ನುಂಗಿ ಮಲಗುತ್ತಾಳೆ. ಸೊಪ್ಪು ಮತ್ತು ಮಾತ್ರೆ ನಮ್ಮ ಮನೆಯಲ್ಲಿ ಎಂದೂ ಜಗಳವಾಡಿದ್ದಿಲ್ಲ. ಜಗಳ ಹಚ್ಚಿದ್ದು ನೀವು ದೀಪ ಬೆಳಗಿದ ಆ ಸಭೆ.

ಸುಶ್ಮಿತಾ ನಿಮಗೆ ಅಪರಿಚಿತಳಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಆಗ ನೀವು ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು. ಸೂಜಿ ಕಂಡು ಅವಳು ಮಂಚದ ಕೆಳಗೆ ನುಸುಳಿದಾಗ, ನೀವೂ ನೆಲದ ಮೇಲೆ ಕೂತು ಅವಳನ್ನು ಮಾತನಾಡಿಸಿದ್ದಿರಿ. "ಇದು ಔಷಧ ಅಲ್ಲ ಮಗಾ, ಅನ್ನ ಇದ್ದ ಹಾಗೆ. ಅನ್ನ ಬಿಟ್ಟು ಇರ್ತೀಯಾ? ಇದನ್ನೂ ಬಿಡಬಾರದು" ಎಂದಿರಿ. ತೊಡೆಗೆ ಹೇಗೆ ಚುಚ್ಚಿಕೊಳ್ಳಬೇಕೆಂದು ನೀವೇ ಕಲಿಸಿದಿರಿ. ಅಂದಿನಿಂದ ನಮ್ಮ ಮನೆಯಲ್ಲಿ 'ಡಾಕ್ಟ್ರು' ಎಂದರೆ ನೀವೊಬ್ಬರೇ. ಒಳ್ಳೆಯ ಇಸ್ವಾಣ ಮೀನು ಸಿಕ್ಕಿದರೆ ಅಮ್ಮ ಮೊದಲು ನಿಮ್ಮ ಮನೆಗೆ ಕೊಟ್ಟು ಆಮೇಲೆ ಪೇಟೆಗೆ ಹೋಗುತ್ತಿದ್ದಳು.

ನೀವು ಬಡ್ತಿ ಪಡೆದು ಕುರ್ಚಿ ಏರಿದಿರಿ. ಸುಶ್ಮಿತಾ ದೊಡ್ಡವಳಾಗಿ, ಬೋಟಿಗೆ ಹೋಗುವ ರೂಪೇಶನನ್ನು ಮದುವೆಯಾಗಿ ಬಸುರಿಯಾದಳು. ಆ ಹೊತ್ತಿನಲ್ಲೇ ಪೇಟೆಯ ಸಭಾಭವನದಲ್ಲಿ 'ಹಿತ್ತಲ ಮದ್ದು' ಉಚಿತ ಶಿಬಿರ ನಡೆಯಿತು. ಕರಪತ್ರದಲ್ಲಿ ಮುಖ್ಯ ಅತಿಥಿಯಾಗಿ ನಿಮ್ಮ ಹುದ್ದೆ ಅಚ್ಚಾಗಿತ್ತು. ಡಾಕ್ಟ್ರು ಬರುತ್ತಾರಂತೆ ಎಂದೇ ನಾವಿಬ್ಬರೂ ಹೋದೆವು.

ಎಲ್ಲಿಂದಲೋ ಬಂದಿದ್ದ ಆ ವೈದ್ಯ, ಇನ್ಸುಲಿನ್ ಎಂದರೆ ಕಂಪನಿಗಳ ಕುತಂತ್ರ ಎಂದ. ಜನ ಚಪ್ಪಾಳೆ ತಟ್ಟಿದರು. ಪ್ರಶ್ನೆ ಕೇಳಬಹುದು ಎಂದಾಗ ಸುಶ್ಮಿತಾ ಎದ್ದು ಮೈಕು ಹಿಡಿದಳು.

"ನಾನು ಸಣ್ಣಿರುವಾಗಿಂದ ಇನ್ಸುಲಿನ್ ತಗಳ್ತಿದ್ದೇನೆ. ಈಗ ಹೊಟ್ಟೇಲಿ ಮಗು ಇದೆ. ಬಿಡೂಕೆ ಆಗ್ತದಾ?"

"ತಾಯೀ, ಹುಟ್ಟದ ಕೂಸಿಗೂ ಯಾಕಮ್ಮ ಸೂಜಿಯ ವಿಷ? ಪುಡಿ ಶುರು ಮಾಡು, ಸೂಜಿ ಬಿಸಾಡು" ಎಂದ ಆತ.

ಅವಳು ನೋಡಿದ್ದು ಆತನನ್ನಲ್ಲ, ನಿಮ್ಮನ್ನು. ನೀವು ಅವಳ ಗುರುತು ಹಿಡಿದಿರಿ, ಮುಗುಳ್ನಕ್ಕಿರಿ. ಆಮೇಲೆ ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡಿರಿ. ಪಕ್ಕದವರು ಏನೋ ಹೇಳಿದರು, ಅತ್ತ ಬಾಗಿದಿರಿ. ಇಷ್ಟೇ. ಒಂದು ಮಾತು, 'ಬೇಡಮ್ಮ' ಎಂಬ ಒಂದೇ ಮಾತು ಬೇಕಿತ್ತು. ಅತಿಥಿಗೆ ಅದನ್ನು ಹೇಳಲು ಇಲಾಖೆಯ ಪೂರ್ವಾನುಮತಿ ಬೇಕಾಗಿತ್ತೇ? ಅಥವಾ ಹೊದೆಸಿದ ಶಾಲಿನ ಮರ್ಯಾದೆ ಅಡ್ಡ ಬಂತೇ?

ಮನೆಗೆ ಬಂದು ನಾನು ಜಗಳವಾಡಿದೆ. "ನಿಂಗೆ ಎಂತ ಹುಚ್ಚಾ? ಬಿಡ್ಬೇಡ" ಎಂದೆ. ಅವಳ ಉತ್ತರ ಸಿದ್ಧವಾಗಿತ್ತು. "ಡಾಕ್ಟ್ರು ಅಲ್ಲೇ ಕೂತಿದ್ರಲ್ಲ ಅಕ್ಕ. ತಪ್ಪಾಗಿದ್ರೆ ಹೇಳ್ತಿರ್ಲಿಲ್ವಾ? ನನ್ನ ನೋಡಿ ನಕ್ಕರು ಬೇರೆ." ಅವಳು ಮೂರ್ಖಳಾಗಿರಲಿಲ್ಲ, ಮಾನ್ಯರೇ. ಮಗುವಿಗೆ ಸೂಜಿಯ ನೋವು ತಾಗಬಾರದು ಎಂಬ ಆಸೆಯಿತ್ತು, ನಿಮ್ಮ ಮೇಲೆ ನಂಬಿಕೆಯಿತ್ತು.

ಮೊದಲು ಒಂದು ಹೊತ್ತಿನದು ಬಿಟ್ಟಳು, ಆಮೇಲೆ ಪೂರ್ತಿ. ಬಾಯಾರಿಕೆ ಶುರುವಾಯಿತು, ಬಿಂದಿಗೆ ನೀರು ಕುಡಿದರೂ ತೀರದು. ಆಮೇಲೆ ವಾಂತಿ. ವೈದ್ಯನಿಗೆ ಫೋನು ಮಾಡಿದರೆ, "ಒಳಗಿನ ವಿಷ ಹೊರಗೆ ಹೋಗ್ತಾ ಇದೆ, ಒಳ್ಳೆಯದೇ" ಎಂದ. ಮರುದಿನ ಬೆಳಿಗ್ಗೆ ಅವಳು ಓಡಿಬಂದವರಂತೆ ಏದುಸಿರು ಬಿಡುತ್ತಿದ್ದಳು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಭಟ್ಕಳದಲ್ಲಿ ಡ್ರಿಪ್ ಹಾಕಿ, ಕೂಡಲೇ ಜಿಲ್ಲೆಯ ಗಡಿ ದಾಟಿಸಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಅಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಬೈಂದೂರು ದಾಟಿದ ಮೇಲೆ, "ರೋಹಿಣಿ, ಮಗು ಅಲ್ಲಾಡೂದಿಲ್ಲ" ಎಂದಳು.

ಸುಶ್ಮಿತಾ ಬದುಕಿದಳು. ರೂಪೇಶ ಬೋಟಿನಿಂದ ಇಳಿದವನು ಬಟ್ಟೆಯನ್ನೂ ಬದಲಿಸದೆ ಬಂದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನರ್ಸಮ್ಮ ಅವನ ಕೈಗೆ ಕೊಟ್ಟರು. ಹೆಣ್ಣು. ಮುಖ ತೆರೆದು ನೋಡಿ, "ಅವಳ ಹಂಗೇ ಇದೆ" ಎಂದ.

ನಿಮ್ಮ ಕಚೇರಿಗೂ ಬಂದಿದ್ದೆ, ನೆನಪಿರಬಹುದು. ಕೂರಲು ಹೇಳಿದಿರಿ, ನಿಟ್ಟುಸಿರು ಬಿಟ್ಟಿರಿ. "ಅದು ಖಾಸಗಿ ಕಾರ್ಯಕ್ರಮ. ಇಲಾಖೆಗೆ ಸಂಬಂಧ ಇಲ್ಲ. ನಾನು ಬರೀ ಅತಿಥಿ. ಇನ್ಸುಲಿನ್ ಬಿಡು ಅಂತ ನಾನು ಹೇಳಿದ್ನಾ?" ಎಂದಿರಿ. ಇಲ್ಲ, ಹೇಳಲಿಲ್ಲ. ಅದನ್ನು ನ್ಯಾಯಾಲಯದಲ್ಲೂ ಒಪ್ಪುತ್ತೇನೆ. ನೀವು ಏನನ್ನೂ ಹೇಳಲಿಲ್ಲ ಎಂಬುದೇ ನನ್ನ ದೂರು. ಆ ವೈದ್ಯ ಸಂತೆಯಲ್ಲಿ ನಿಂತು ಇದೇ ಮಾತು ಕೂಗಿದ್ದರೆ ನಮ್ಮವಳು ನಕ್ಕು ಮುಂದೆ ಹೋಗುತ್ತಿದ್ದಳು. ಅವನ ಮಾತಿಗೆ ತೂಕ ಬಂದದ್ದು ಪಕ್ಕದ ಕುರ್ಚಿಯಲ್ಲಿ ನೀವಿದ್ದುದರಿಂದ. ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ ಆ ಡಾಕ್ಟರನ್ನು ನೀವು ಎಲ್ಲಿ ಬಿಟ್ಟುಬಂದಿರಿ?

ಈಗ ಕುಮಟೆಯಲ್ಲಿ ನಡೆಯಲಿರುವ ಅದೇ ಶಿಬಿರದ ಪೋಸ್ಟರು ಅಲ್ಲಿನ ಗೋಡೆಗಳ ಮೇಲೆ ಅಂಟಿದೆ. ಹೊನ್ನಾವರದ ಬಸ್ ನಿಲ್ದಾಣದಲ್ಲೂ ಕಂಡೆ. ಮುಖ್ಯ ಅತಿಥಿ ಮತ್ತೆ ತಾವೇ.

ನನ್ನ ಬೇಡಿಕೆ ಇಷ್ಟು: ವೈದ್ಯರು ಬರೆದುಕೊಟ್ಟ ಇನ್ಸುಲಿನನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ ಎಂದು ನಿಮ್ಮ ಸಹಿಯ ಪ್ರಕಟಣೆ ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕುಗಳ ಆಸ್ಪತ್ರೆಗಳಲ್ಲಿ ಅಂಟಿಸಬೇಕು. ಆ ಶಿಬಿರಕ್ಕೆ ಪರವಾನಗಿ ಕೊಟ್ಟವರು ಯಾರು, ಪುಡಿಯನ್ನು ಪರೀಕ್ಷಿಸಿದವರು ಯಾರು ಎಂದು ತನಿಖೆಯಾಗಬೇಕು. ಬಹಿರಂಗವಾಗಿ ಕ್ಷಮೆ ಕೇಳಿ ಎಂದೂ ಬರೆದಿದ್ದೆ. ಸುಶ್ಮಿತಾಗೆ ಓದಿ ಹೇಳಿದಾಗ ಆ ಸಾಲನ್ನು ಹೊಡೆದುಹಾಕಿಸಿದಳು.

"ನಂಗೆ ಅವ್ರ ಕ್ಷಮೆ ಎಂತಕ್ಕೆ?" ಎಂದಳು. "ಕುಮ್ಟೆಲಾದ್ರೂ ಬಾಯಿ ಬಿಡ್ಲಿ."

ಇಂತಿ,
ತಮ್ಮನ್ನು ಇನ್ನೂ 'ಡಾಕ್ಟ್ರು' ಎಂದೇ ಕರೆದು, ಕರೆದ ಮೇಲೆ ನಾಲಿಗೆ ಕಚ್ಚಿಕೊಳ್ಳುವ ಮನೆಯವಳು,
ರೋಹಿಣಿ
ತೆಂಗಿನಗುಂಡಿ, ಭಟ್ಕಳ