ಎರಡೆರಡು ಸಲ ಇದ್ದ ಪಾಠಗಳು

ಆಳಂದ

ಬಸವೇಶ್ವರಿ ಟೀಚರಿಗೆ ಸಲಾಮು.

ರಿಪೇರಿಗೆ ಕೊಟ್ಟ ನಿಮ್ಮ ಶಾಲೆಯ ಕಂಪ್ಯೂಟರಿನ ಡಿಸ್ಕ್ ತುಂಬಿಸಿದ್ದು ವೈರಸ್ ಅಲ್ಲ, ನಿಮ್ಮದೇ ಗಣಿತದ ವಿಡಿಯೋಗಳು. ಒಂದೇ ಹೆಸರಿನ ಪಾಠ ಎರಡೆರಡು ಸಲ ಇತ್ತು. ಹೆಚ್ಚುವರಿ ಪ್ರತಿ ಎಂದು ಅಳಿಸುವ ಮುನ್ನ ತೆರೆದು ನೋಡಿದೆ. ಎರಡನೆಯದರಲ್ಲಿ ನೀವು ಅದೇ ಪಾಠವನ್ನು ನಮ್ಮ ಮನೆಯ ಉರ್ದುವಿನಲ್ಲಿ ತಡವರಿಸುತ್ತ ಹೇಳಿದ್ದೀರಿ. ಬಿಸಿಯೂಟದ ಹಜರಾಬಿ ಹಿಂದಿನಿಂದ, “ಹಂಗಲ್ರಿ ಟೀಚರ್, ಹಿಂಗ ಅನ್ರಿ” ಎಂದು ತಿದ್ದಿದಾಗಲೆಲ್ಲ ಮೊದಲಿನಿಂದ ಶುರು ಮಾಡಿದ್ದೀರಿ.

ಒಂದನ್ನೂ ಅಳಿಸಿಲ್ಲ, ದೊಡ್ಡ ಡಿಸ್ಕ್ ಹಾಕಿದ್ದೇನೆ.

ಶಾಲೆ ಕಾಣದ ನಮ್ಮ ಅಮ್ಮಿ ನಿನ್ನೆ ಅಂಗಡಿಯಲ್ಲಿ ಕೂತು ಭಿನ್ನರಾಶಿಯ ಪಾಠ ಕೇಳಿದರು. ಊಟಕ್ಕೆ ರೊಟ್ಟಿಯನ್ನು ನಾಲ್ಕಾಗಿ ಮುರಿದು, ಒಂದು ತುಂಡು ನನಗೆ ಕೊಟ್ಟು, “ಏಕ್ ಬಟಾ ಚಾರ್” ಅಂದರು.

ಕಂಪ್ಯೂಟರ್ ಒಯ್ಯಲು ಅವಸರ ಮಾಡಬೇಡಿ. ಅಮ್ಮಿಗೆ ದಶಮಾಂಶ ಇನ್ನೂ ಬಾಕಿ ಇದೆ.

ನಿಮ್ಮ ಹೊಸ ವಿದ್ಯಾರ್ಥಿನಿಯ ಮಗಳು,
ಮಿನಾಜ