ರಿವಾಲ್ವರಿನ ಹುರಿ

ಮಂಗಳವಾರ, ರಾತ್ರಿ.

ಮತ್ತೆ ನನ್ನ ದಿನಚರಿ ಕದ್ದು ಓದುತ್ತಿದ್ದೀಯಾ, ಮೊಮ್ಮಗಳೇ? ಪೊಲೀಸಾದವಳಿಗೆ ನಾಚಿಕೆ ಬೇಡವೇ? ಓದು, ಬುದ್ಧಿಯಾದರೂ ಬರಲಿ.

ಪೊಲೀಸಾಗಿದ್ದ ನಿನ್ನ ತಾತನ ಕಾಲದ ರಿವಾಲ್ವರುಗಳನ್ನೆಲ್ಲ ಠಾಣೆಯಿಂದ ಕರಗಿಸಲು ಕಳಿಸಿದರಂತೆ. ಹೋಗಲಿ. ಆರು ಗುಂಡಿನ ಆ ಕಬ್ಬಿಣ ಹೊತ್ತು ಅವರ ಸೊಂಟವೇ ಒಂದು ಕಡೆ ವಾಲಿತ್ತು. ಆದರೆ ಅದರ ಹಿಡಿಗೆ ಕಟ್ಟಿ ಹೆಗಲಿಗೆ ಹಾಕಿಕೊಳ್ಳುವ ಹುರಿ ನಾನು ಹೆಣೆದದ್ದು. ಗಲಾಟೆಯಲ್ಲಿ ಯಾರೋ ರಿವಾಲ್ವರ್ ಕಿತ್ತುಕೊಳ್ಳಲು ಎಳೆದಾಗ ಹುರಿ ಬಿಡಲಿಲ್ಲ. ಅವತ್ತು ಮನೆಗೆ ಬಂದು ನೀರು ಕುಡಿದು, "ನಿನ್ನ ಹುರಿನೇ ನನ್ನನ್ನ ಮನೆಗೆ ಎಳ್ಕೊಂಡ್ ಬಂತು ಕಣೇ" ಅಂದರು. ನಿವೃತ್ತಿಯ ದಿನ ರಿವಾಲ್ವರ್ ಒಪ್ಪಿಸಿ ಹುರಿ ಮಾತ್ರ ಮನೆಗೆ ತಂದರು.

ಇವತ್ತು ಬೆಳಿಗ್ಗೆ ಅದನ್ನು ನಿನ್ನ ಕೈಗಿಟ್ಟರೆ ನೀನು ನಕ್ಕೆ.

"ಅಜ್ಜಿ, ನಮಗೀಗ ಪಿಸ್ತೂಲು. ಇದನ್ನ ಕಟ್ಕೊಂಡ್ರೆ ದನ ಮೇಯಿಸೋಕೆ ಹೊರಟ್ಯಾ ಅಂತಾರೆ!"

"ಅನ್ನಲಿ ಬಿಡೇ. ದನ ಆದ್ರೂ ಸಂಜೆ ಮನೆಗೆ ಬರುತ್ತೆ."

ಬಾಗಿಲ ಸದ್ದಿಗೆ ಕಿವಿಗೊಟ್ಟೇ ಒಂದು ಆಯಸ್ಸು ಕಳೆದೆ. ನಿನಗಾಗಿ ಮತ್ತೆ ಹಾಗೆ ಕೂರಲು ನನ್ನಲ್ಲಿ ಕಸುವಿಲ್ಲ, ಕಂದ. ಹುರಿಯನ್ನು ನಿನ್ನ ಟೋಪಿಯ ಕೆಳಗಿಟ್ಟಿದ್ದೇನೆ. ಕಟ್ಟುತ್ತೀಯೋ ಇಲ್ಲವೋ ಎಂದು, ಮುಂದಿನ ತಿಂಗಳು ನಿನ್ನ ರಾತ್ರಿ ಪಾಳಿ ಶುರುವಾಗುವ ಮೊದಲು ಇಲ್ಲೇ, ಇದರ ಕೆಳಗೇ ಬರೆ.